ದೀಪ ಉರಿಯುತ್ತದೆ, ಕರ್ಸರ್ ಕದಲುವುದಿಲ್ಲ: ಲಿನಕ್ಸ್ ಕಂಪ್ಯೂಟರಿನಲ್ಲಿ ಮೌಸ್ ಕೈಕೊಟ್ಟಾಗ

ಪ್ರಶ್ನೆ: ಸೋಮವಾರಪೇಟೆ ಹತ್ತಿರದ ಕಾಫಿ ತೋಟದ ಆಫೀಸಿನಲ್ಲಿ ಹಳೇ ಡೆಸ್ಕ್‌ಟಾಪ್ ಒಂದಿದೆ. ಲಿನಕ್ಸ್ ಮಿಂಟ್ ಹಾಕಿಕೊಂಡಿದ್ದೇವೆ. ಕಳೆದ ವಾರ ಗಾಳಿಮಳೆಗೆ ಕರೆಂಟ್ ಹೋಗಿ ಬಂದು, ಮತ್ತೆ ಹೋಗಿ ಬಂದು ಆಯಿತು. ಅಂದಿನಿಂದ ಯುಎಸ್‌ಬಿ ಮೌಸ್ ಕೆಲಸ ಮಾಡುತ್ತಿಲ್ಲ. ಅಡಿಯಲ್ಲಿ ಕೆಂಪು ದೀಪ ಉರಿಯುತ್ತದೆ, ಕರ್ಸರ್ ಮಾತ್ರ ಸ್ಕ್ರೀನಿನ ನಡುವೆ ನಿಂತೇ ಇರುತ್ತದೆ. ಕೀಬೋರ್ಡ್ ಸರಿಯಿದೆ. ಮನೆಯಿಂದ ವೈರ್‌ಲೆಸ್ ಮೌಸ್ ತಂದು ಹಾಕಿದರೆ ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ. ರೀಸ್ಟಾರ್ಟ್ ಮಾಡಿದರೂ ಅಷ್ಟೇ. ಅಂಗಡಿಯಲ್ಲಿ ಕೇಳಿದರೆ ‘ಲಿನಕ್ಸ್ ಪ್ರಾಬ್ಲಂ, ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿಸಿ’ ಎನ್ನುತ್ತಾರೆ. ಚೆಕ್‌ರೋಲ್ (ಕೆಲಸದವರ ಹಾಜರಿ ಪಟ್ಟಿ), ಗೊಬ್ಬರದ ಲೆಕ್ಕ ಎಲ್ಲ ಅದರಲ್ಲೇ ಇದೆ. ಬೇರೆ ದಾರಿ ಇಲ್ಲವೇ?

ಉತ್ತರ: ಫಾರ್ಮ್ಯಾಟ್ ಮಾಡಿಸಬೇಡಿ. ನೀವು ಬರೆದಿರುವ ಲಕ್ಷಣಗಳೇ ಲಿನಕ್ಸಿನ ತಪ್ಪಲ್ಲ ಎಂದು ಮುಕ್ಕಾಲು ಪಾಲು ಹೇಳಿಬಿಟ್ಟಿವೆ. ವೈರ್‌ಲೆಸ್ ಮೌಸಿನ ಪುಟ್ಟ ರಿಸೀವರ್ ಕೂಡ ಕಂಪ್ಯೂಟರಿನ ಪಾಲಿಗೆ ಒಂದು ಯುಎಸ್‌ಬಿ ಮೌಸೇ. ಅದು ಒಮ್ಮೆಯಾದರೂ ಸರಿಯಾಗಿ ಓಡಿದೆ ಎಂದರೆ ಕರ್ನಲ್ (ಲಿನಕ್ಸಿನ ತಿರುಳು), ಡ್ರೈವರ್ (ಮೌಸಿನ ಜೊತೆ ಮಾತಾಡುವ ಭಾಗ), ಡೆಸ್ಕ್‌ಟಾಪ್ (ಕಿಟಕಿ, ಮೆನು ತೋರಿಸುವ ಭಾಗ) ಮೂರೂ ಕೆಲಸ ಮಾಡುತ್ತಿವೆ ಎಂದಾಯಿತು. ತಪ್ಪು ಇರುವುದು ಅದಕ್ಕಿಂತ ಈಚೆ: ಮೌಸಿನ ವೈರಿನಲ್ಲಿ, ಪೋರ್ಟಿನಲ್ಲಿ, ಇಲ್ಲವೇ ಕರೆಂಟ್ ಹೊಡೆತಕ್ಕೆ ಸಿಕ್ಕಿ ಮಂಕಾಗಿ ಕೂತ ಯುಎಸ್‌ಬಿ ಕಂಟ್ರೋಲರಿನಲ್ಲಿ (ಪೋರ್ಟುಗಳನ್ನು ನಡೆಸುವ ಚಿಪ್ಪಿನಲ್ಲಿ). ವೈರ್ ಮೌಸಿನ ಕಾಯಿಲೆ ಒಂದು, ವೈರ್‌ಲೆಸ್ ಮೌಸಿನ ಕಾಯಿಲೆ ಬೇರೊಂದು ಇರುವ ಸಾಧ್ಯತೆಯೇ ಹೆಚ್ಚು. ಎರಡನ್ನೂ ಒಂದೇ ಎಂದುಕೊಂಡರೆ ತಲೆ ಕೆಡುತ್ತದೆ.

ಬೇಸಿಗೆಯಲ್ಲಿ ಸ್ಪ್ರಿಂಕ್ಲರಿಗೆ ನೀರು ಬರದಿದ್ದರೆ ಯಾರೂ ಮೊದಲು ಕೆರೆ ತೋಡಿಸುವುದಿಲ್ಲ. ಮೋಟರಿನಿಂದ ಶುರುಮಾಡಿ ಒಂದೊಂದೇ ಪೈಪ್ ಜಾಯಿಂಟ್ ನೋಡುತ್ತಾ ಬರುತ್ತಾರೆ. ಇಲ್ಲಿಯೂ ಅದೇ ಕ್ರಮ. ಮೌಸಿನಿಂದ ಕರ್ಸರ್‌ವರೆಗೆ ಸಿಗ್ನಲ್ ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿದೆ ಎನ್ನುವುದೇ ಪ್ರಶ್ನೆ.

ಅದಕ್ಕೂ ಮೊದಲು ಲೆಕ್ಕದ ಫೈಲುಗಳನ್ನು ಕಾಪಾಡಿಕೊಳ್ಳಿ. ಮೌಸ್ ಇಲ್ಲದೆಯೂ ಇದು ಆಗುತ್ತದೆ. ತೆರೆದಿರುವ ಫೈಲಿನಲ್ಲಿ ಕಂಟ್ರೋಲ್ ಮತ್ತು ಎಸ್ ಒತ್ತಿ ಸೇವ್ ಮಾಡಿ, ಆಲ್ಟ್ ಮತ್ತು ಎಫ್4 ಒತ್ತಿ ಮುಚ್ಚಿ. ವಿಂಡೋಸ್ ಗುರುತಿನ ಕೀ ಒತ್ತಿದರೆ ಮೆನು ತೆರೆಯುತ್ತದೆ. ಬೇಕಾದುದರ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು. ಮಿಂಟ್‌ನ ಸೆಟ್ಟಿಂಗ್ಸ್‌ನಲ್ಲಿ ಅಕ್ಸೆಸಿಬಿಲಿಟಿ ಎಂಬಲ್ಲಿಗೆ ಹೋಗಿ, ಮೌಸ್ ವಿಭಾಗದಲ್ಲಿ ಕೀಪ್ಯಾಡಿನಿಂದ ಕರ್ಸರ್ ಓಡಿಸುವ ಆಯ್ಕೆಯನ್ನು ಆನ್ ಮಾಡಿ. ಟ್ಯಾಬ್, ಬಾಣದ ಕೀಲಿ, ಸ್ಪೇಸ್‌ಬಾರ್ ಬಳಸಿ ಅಲ್ಲಿಗೆ ತಲುಪಬಹುದು. ನಮ್ ಲಾಕ್ ಆಫ್ ಮಾಡಿದರೆ ಕೀಬೋರ್ಡಿನ ಬಲಬದಿಯ 8, 2, 4, 6 ಕರ್ಸರನ್ನು ಮೇಲೆ ಕೆಳಗೆ ಎಡ ಬಲಕ್ಕೆ ನಡೆಸುತ್ತವೆ, 5 ಕ್ಲಿಕ್ ಮಾಡುತ್ತದೆ. ಆಮೆ ನಡಿಗೆಯೇ, ಆದರೆ ಪೆನ್‌ಡ್ರೈವಿಗೆ ಚೆಕ್‌ರೋಲ್ ಕಾಪಿ ಮಾಡಿಕೊಳ್ಳಲು ಧಾರಾಳವಾಯಿತು.

ಇನ್ನು ಕಂಟ್ರೋಲರ್ ವಿಷಯ. ಕಂಪ್ಯೂಟರ್ ಶಟ್‌ಡೌನ್ ಮಾಡಿ ಮೌಸ್ ತಿರುಗಿಸಿ ನೋಡಿ. ಅಡಿಯ ದೀಪ ಆಗಲೂ ಉರಿಯುತ್ತಿದೆಯೇ? ಉರಿಯುತ್ತಿದ್ದರೆ, ಶಟ್‌ಡೌನ್ ಆದರೂ ಪೋರ್ಟಿಗೆ 5 ವೋಲ್ಟ್ ಹರಿಯುತ್ತಲೇ ಇದೆ ಎಂದರ್ಥ. ಡೆಸ್ಕ್‌ಟಾಪಿನ ಪವರ್ ಸಪ್ಲೈ ಪ್ಲಗ್ಗಿನಲ್ಲಿ ಇರುವಷ್ಟು ಹೊತ್ತೂ ಮದರ್‌ಬೋರ್ಡಿಗೆ ಸ್ವಲ್ಪ ಸ್ಟ್ಯಾಂಡ್‌ಬೈ ಕರೆಂಟ್ ಕೊಡುತ್ತಿರುತ್ತದೆ. ಕರೆಂಟ್ ಪಟಪಟನೆ ಹೋಗಿ ಬಂದಾಗ ಯುಎಸ್‌ಬಿ ಕಂಟ್ರೋಲರೋ ಮೌಸಿನ ಒಳಗಿನ ಚಿಪ್ಪೋ ಅರ್ಧದಲ್ಲೇ ಸಿಕ್ಕಿಹಾಕಿಕೊಂಡಿದ್ದರೆ, ಈ ಕರೆಂಟ್ ಇರುವತನಕ ಅದು ಅದೇ ಸ್ಥಿತಿಯಲ್ಲಿ ಉಳಿಯಬಹುದು. ರೀಸ್ಟಾರ್ಟ್ ಮಾಡಿ ಪ್ರಯೋಜನ ಆಗದಿರುವುದಕ್ಕೆ ಇದೂ ಕಾರಣವಾಗಬಹುದು.

ಹಾಗಾಗಿ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಪವರ್ ಕಾರ್ಡನ್ನು ಕ್ಯಾಬಿನೆಟ್ಟಿನ ಹಿಂದಿನಿಂದ ಕೀಳಿ. ಯುಪಿಎಸ್ ಇದ್ದರೆ ಅದನ್ನು ಆರಿಸಿದರೆ ಸಾಲದು, ಕಾರ್ಡ್ ಕೀಳಲೇಬೇಕು. ಮೌಸ್, ಪ್ರಿಂಟರ್, ಪೆನ್‌ಡ್ರೈವ್ ಎಲ್ಲ ತೆಗೆಯಿರಿ. ಸ್ವಂತ ಅಡಾಪ್ಟರ್ ಇರುವ ಪ್ರಿಂಟರ್ ಯುಎಸ್‌ಬಿ ಕೇಬಲ್ ಮೂಲಕ ಹಿಮ್ಮುಖವಾಗಿ ಒಂದಿಷ್ಟು ಕರೆಂಟ್ ಉಣಿಸುವುದುಂಟು. ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಕೆಪಾಸಿಟರುಗಳಲ್ಲಿ ಉಳಿದದ್ದು ಖಾಲಿಯಾಗುತ್ತದೆ. ಐದು ನಿಮಿಷ ಬಿಟ್ಟು ಕಾರ್ಡ್ ಸಿಕ್ಕಿಸಿ, ಮೌಸನ್ನು ಹಿಂಬದಿಯ ಪೋರ್ಟಿಗೇ ಹಾಕಿ, ಆನ್ ಮಾಡಿ. ಐದು ನಿಮಿಷ ಯಾಕೆಂದರೆ, ಹಲವು ಬೋರ್ಡುಗಳಲ್ಲಿ ಪೋರ್ಟುಗಳ ಕಾವಲಿಗೆ ತಾನಾಗಿ ಸರಿಹೋಗುವ ಒಂದು ಬಗೆಯ ಫ್ಯೂಸ್ ಇರುತ್ತದೆ. ಹೆಚ್ಚು ಕರೆಂಟ್ ಹರಿದಾಗ ಅದು ಬಿಸಿಯಾಗಿ ದಾರಿ ಮುಚ್ಚುತ್ತದೆ, ತಣ್ಣಗಾದ ಮೇಲೆ ಬಿಡುತ್ತದೆ.

ಆನ್ ಆದ ಮೇಲೆ ಗಡಿಯಾರ ನೋಡಿ. ತಾರೀಖು ಹತ್ತಾರು ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಸಿಆರ್2032 ಬಟನ್ ಸೆಲ್ ಸತ್ತಿದೆ. ಹೊಸದು 3 ವೋಲ್ಟ್ ಇರುತ್ತದೆ. ಅದು ಸತ್ತಾಗ ಬಯಾಸ್ (ಆನ್ ಮಾಡಿದ ಕೂಡಲೇ ಮೊದಲು ಓಡುವ, ಬೋರ್ಡಿನೊಳಗಿನ ಪ್ರೋಗ್ರಾಂ) ಸೆಟ್ಟಿಂಗ್ಸ್ ಫ್ಯಾಕ್ಟರಿಯಲ್ಲಿ ಇದ್ದಂತಾಗುತ್ತವೆ, ಹಳೇ ಬೋರ್ಡುಗಳಲ್ಲಿ ಯುಎಸ್‌ಬಿಗೆ ಸಂಬಂಧಪಟ್ಟ ಒಂದೆರಡು ಆಯ್ಕೆಗಳೂ ಬದಲಾಗುತ್ತವೆ. ಸೆಲ್ ಬದಲಿಸಿ, ಬಯಾಸ್‌ನಲ್ಲಿ ಯುಎಸ್‌ಬಿ ಕಂಟ್ರೋಲರುಗಳೆಲ್ಲ ‘ಎನೇಬಲ್ಡ್’ ಇವೆಯೇ ನೋಡಿ.

ಇಷ್ಟಕ್ಕೂ ಬಗ್ಗದಿದ್ದರೆ ಎರಡು ಪರೀಕ್ಷೆ ಮಾಡಿ, ದುಡ್ಡು ಖರ್ಚಿಲ್ಲ. ಮೊದಲನೆಯದು, ಮೌಸನ್ನು ಆಂಡ್ರಾಯ್ಡ್ ಫೋನಿಗೆ ಓಟಿಜಿ ಅಡಾಪ್ಟರ್ (ಫೋನಿನ ಚಾರ್ಜಿಂಗ್ ಪೋರ್ಟಿಗೆ ಯುಎಸ್‌ಬಿ ಪ್ಲಗ್ ಹಾಕಲು ಬಿಡುವ ತುಂಡು) ಮೂಲಕ ಸಿಕ್ಕಿಸಿ. ಫೋನಿನ ಸ್ಕ್ರೀನಿನಲ್ಲಿ ಬಾಣದ ಗುರುತು ಮೂಡಿ ಓಡಾಡಿದರೆ ಮೌಸ್ ಗಟ್ಟಿಯಿದೆ, ತಪ್ಪು ಕಂಪ್ಯೂಟರಿನ ಕಡೆಗಿದೆ. ಮೂಡದಿದ್ದರೆ ಅನುಮಾನ ಮೌಸಿನ ಮೇಲೆ. ಆದರೆ ಕೆಲವು ಫೋನುಗಳಲ್ಲಿ ಓಟಿಜಿಯನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬೇಕಾಗುತ್ತದೆ, ಅದನ್ನು ಮರೆತು ಮೌಸನ್ನು ಕಸಕ್ಕೆ ಹಾಕಬೇಡಿ.

ಎರಡನೆಯದು, ಕೀಬೋರ್ಡನ್ನು ತೆಗೆದು ಅದರ ಪೋರ್ಟಿಗೆ ಮೌಸನ್ನೂ ಮೌಸಿನ ಪೋರ್ಟಿಗೆ ಕೀಬೋರ್ಡನ್ನೂ ಹಾಕಿ. ಮೌಸ್ ಓಡಿ ಕೀಬೋರ್ಡ್ ಸತ್ತರೆ ಪೋರ್ಟ್ ಹಾಳು. ಕೀಬೋರ್ಡ್ ಎಲ್ಲಿ ಹಾಕಿದರೂ ಓಡಿ ಮೌಸ್ ಎಲ್ಲಿ ಹಾಕಿದರೂ ಸುಮ್ಮನಿದ್ದರೆ ಮೌಸ್ ಹಾಳು. ಕೀಬೋರ್ಡ್ ಯುಎಸ್‌ಬಿಯದ್ದೇ ಆಗಿದ್ದರೆ ಇನ್ನೊಂದು ಮಾತೂ ತೀರ್ಮಾನವಾಗುತ್ತದೆ: ಲಿನಕ್ಸಿನಲ್ಲಿ ಕೀಬೋರ್ಡಿಗೂ ಮೌಸಿಗೂ ಯುಎಸ್‌ಬಿಎಚ್‌ಐಡಿ ಎಂಬ ಒಂದೇ ಡ್ರೈವರ್, ಒಂದು ಓಡುತ್ತಿದ್ದರೆ ಡ್ರೈವರ್ ಇಲ್ಲ ಎನ್ನುವ ವಾದ ಬಿದ್ದುಹೋಯಿತು. ಕೀಬೋರ್ಡಿನದು ನೇರಳೆ ಬಣ್ಣದ ದುಂಡಗಿನ ಪಿಎಸ್/2 ಪಿನ್ ಆಗಿದ್ದರೆ ಈ ಅದಲು ಬದಲು ಆಗದು, ಈ ತರ್ಕವೂ ನಡೆಯದು. ದುಂಡು ಪಿನ್ನಿನ ಮೌಸೋ ಕೀಬೋರ್ಡೋ ಇದ್ದರೆ ಕಂಪ್ಯೂಟರ್ ಆರಿಸಿಯೇ ತೆಗೆದು ಹಾಕಬೇಕು. ಅದು ಓಡುತ್ತಿರುವಾಗ ಕಿತ್ತು ಸಿಕ್ಕಿಸಲು ಮಾಡಿದ್ದಲ್ಲ.

ಇಲ್ಲಿಂದ ಮುಂದೆ ಲಿನಕ್ಸನ್ನೇ ಕೇಳೋಣ. ಈ ವಿಷಯದಲ್ಲಿ ಅದು ವಿಂಡೋಸಿಗಿಂತ ಬಾಯಿಬಿಟ್ಟು ಮಾತಾಡುತ್ತದೆ, ಕೇಳುವವರು ಕಡಿಮೆ ಅಷ್ಟೆ. ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್ ತೆರೆಯುತ್ತದೆ. ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.

ಮೊದಲು ಎಲ್‌ಎಸ್‌ಯುಎಸ್‌ಬಿ. ಐದಕ್ಷರ, ನಡುವೆ ಜಾಗ ಬೇಡ. ಯುಎಸ್‌ಬಿಯಲ್ಲಿ ಏನೇನು ಸಿಕ್ಕಿಸಿದೆಯೋ ಎಲ್ಲದರ ಪಟ್ಟಿ ಬರುತ್ತದೆ. ಮೌಸ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಕೊಡಿ. ಒಂದು ಸಾಲು ಹೆಚ್ಚು ಕಡಿಮೆ ಆಗಬೇಕು. ಡಬ್ಬದ ಮೇಲಿನ ಕಂಪನಿಯ ಹೆಸರೇ ಬರುತ್ತದೆಂದು ಕಾಯಬೇಡಿ. ಲಾಜಿಟೆಕ್ ಆದರೆ 046ಡಿ, ಡೆಲ್ ಆದರೆ 413ಸಿ ಎಂಬ ಸಂಖ್ಯೆ ಇರುತ್ತದೆ. ಅಗ್ಗದ ಮೌಸುಗಳಲ್ಲಿ ಎಷ್ಟೋ ಸಲ ಒಳಗಿನ ಚಿಪ್ ಮಾಡಿದ ಪಿಕ್ಸ್‌ಆರ್ಟ್‌ನ ಹೆಸರು ಕಾಣುತ್ತದೆ.

ಮುಖ್ಯವಾದ ಕಮಾಂಡ್ ಮುಂದಿನದು: ಎಸ್‌ಯುಡಿಒ, ಒಂದು ಜಾಗ, ಡಿಎಂಇಎಸ್‌ಜಿ, ಒಂದು ಜಾಗ, ಅಡ್ಡಗೆರೆ (-) ಮತ್ತು ಡಬ್ಲ್ಯು. ಪಾಸ್‌ವರ್ಡ್ ಕೇಳುತ್ತದೆ, ಟೈಪ್ ಮಾಡುವಾಗ ಏನೂ ಕಾಣುವುದಿಲ್ಲ, ಅದು ಹಾಗೆಯೇ. ಕರ್ನಲ್ ತನ್ನ ದಿನಚರಿಯನ್ನು ಸ್ಕ್ರೀನಿಗೆ ಸುರಿದು ಕಾಯುತ್ತಾ ನಿಲ್ಲುತ್ತದೆ. ಎರಡು ಮೂರು ಸಲ ಎಂಟರ್ ಒತ್ತಿ ಖಾಲಿ ಸಾಲು ಬಿಟ್ಟುಕೊಳ್ಳಿ. ಈಗ ಮೌಸನ್ನು ಕಿತ್ತು, ಮತ್ತೆ ಸಿಕ್ಕಿಸಿ, ಏನು ಬರುತ್ತದೆ ಓದಿ.

ಎಲ್ಲ ಸರಿಯಿದ್ದರೆ ‘ನ್ಯೂ ಲೋ-ಸ್ಪೀಡ್ ಯುಎಸ್‌ಬಿ ಡಿವೈಸ್’ ಎಂದು ಶುರುವಾಗಿ, ಮೌಸಿನ ಹೆಸರು ಬಂದು, ಕೊನೆಗೆ ‘ಇನ್‌ಪುಟ್’ ಮತ್ತು ‘ಮೌಸ್’ ಎಂಬ ಪದಗಳಿರುವ ಸಾಲು ಬರುತ್ತದೆ. ‘ಲೋ-ಸ್ಪೀಡ್’ ಎಂದರೆ ದೋಷವಲ್ಲ. ಮೌಸಿನ ಮಾತು ಸೆಕೆಂಡಿಗೆ 1.5 ಮೆಗಾಬಿಟ್ ವೇಗದ ಸಾಲಿನಲ್ಲೇ ನಡೆಯುವುದು ಸಾಮಾನ್ಯ. ಗೇಮಿಂಗ್ ಮೌಸಾದರೆ ಸಾಮಾನ್ಯವಾಗಿ ‘ಫುಲ್-ಸ್ಪೀಡ್’ ಎಂದಿರುತ್ತದೆ, ಅದು 12 ಮೆಗಾಬಿಟ್.

ಏನೂ ಬರದೆ ಸ್ಕ್ರೀನ್ ಸುಮ್ಮನಿದ್ದರೆ? ಕೆಂಪು ದೀಪ ಉರಿದೂ ಇಲ್ಲಿ ಒಂದು ಸಾಲೂ ಬರದಿರುವುದು ವಿಚಿತ್ರವೆನಿಸಬಹುದು. ಮೌಸಿನ ಕೇಬಲಿನಲ್ಲಿ ನಾಲ್ಕು ತಂತಿ. ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಬಿಳಿ ಮತ್ತು ಹಸಿರು ಡೇಟಾ. ಅಗ್ಗದ ಮಾಲಿನಲ್ಲಿ ಬಣ್ಣ ಬೇರೆ ಇರಬಹುದು, ಕೆಲಸ ಅದೇ. ದೀಪ ಉರಿಯಲು ಕೆಂಪು, ಕಪ್ಪು ಎರಡೇ ಸಾಕು. ಆದರೆ ‘ನಾನು ಬಂದಿದ್ದೇನೆ’ ಎಂದು ಕಂಪ್ಯೂಟರಿಗೆ ತಿಳಿಸುವುದು ಬಿಳಿ ತಂತಿ: ಲೋ-ಸ್ಪೀಡ್ ಮೌಸಿನ ಒಳಗೆ 1.5 ಕಿಲೋ ಓಮ್‌ನ ರೆಸಿಸ್ಟರ್ ಆ ತಂತಿಯನ್ನು ಮೇಲಿನ ವೋಲ್ಟೇಜಿಗೆ ಎಳೆದು ಹಿಡಿದಿರುತ್ತದೆ, ಅದನ್ನು ಕಂಡೇ ಕಂಟ್ರೋಲರ್ ಎಚ್ಚರವಾಗುತ್ತದೆ. ಆ ತಂತಿ ತುಂಡಾಗಿದ್ದರೆ ದೀಪ ಉರಿಯುತ್ತಲೇ ಇರುತ್ತದೆ, ಲಿನಕ್ಸಿಗೆ ಮೌಸ್ ಇರುವುದೇ ಗೊತ್ತಾಗುವುದಿಲ್ಲ. ಹಾಗಾಗಿ ದೀಪ ಉರಿಯುತ್ತದೆ ಎನ್ನುವುದು ಮೌಸ್ ಚೆನ್ನಾಗಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ.

ಹಸಿರು ತಂತಿ ಮಾತ್ರ ಕಡಿದಿದ್ದರೆ ಅಥವಾ ಪಿನ್ನುಗಳಿಗೆ ಕಿಲುಬು ಹಿಡಿದಿದ್ದರೆ ಕತೆ ಬೇರೆ. ‘ನ್ಯೂ ಲೋ-ಸ್ಪೀಡ್’ ಎಂದು ಶುರುವಾಗುತ್ತದೆ, ಕೂಡಲೇ ‘ಡಿವೈಸ್ ಡಿಸ್ಕ್ರಿಪ್ಟರ್ ರೀಡ್/64, ಎರರ್ -71’ ಎಂಬ ಸಾಲು ಬರುತ್ತದೆ. ಅದೇ ಒಂದೆರಡು ಸಲ ಮರುಕಳಿಸಿ ‘ಅನೇಬಲ್ ಟು ಎನ್ಯೂಮರೇಟ್’ ಎಂದು ಕರ್ನಲ್ ಕೈಚೆಲ್ಲುತ್ತದೆ. -71 ಎಂದರೆ ಮಾತುಕತೆ ನಿಯಮ ತಪ್ಪಿ ಕಲಸುಮೇಲೋಗರವಾಯಿತು. ಅದರ ಬದಲು -110 ಇದ್ದರೆ ಕಾದರೂ ಉತ್ತರವೇ ಬರಲಿಲ್ಲ. ಎರಡರಲ್ಲೂ ಮೊದಲು ಶಂಕಿಸಬೇಕಾದದ್ದು ಕೇಬಲ್, ಪಿನ್, ಪೋರ್ಟ್, ಸಾಫ್ಟ್‌ವೇರ್ ಅಲ್ಲ. ‘ಓವರ್-ಕರೆಂಟ್’ ಎಂಬ ಪದ ಕಂಡರೆ ಮೌಸನ್ನು ಕೂಡಲೇ ಕೀಳಿ, ಎಲ್ಲೋ ಶಾರ್ಟ್ ಆಗಿದೆ. ಪೋರ್ಟಿನ ಒಳಗೆ ತೇವವೋ ಬಾಗಿದ ಪಿನ್ನೋ ಇದ್ದೀತು.

ಡಿಎಂಇಎಸ್‌ಜಿ ಓಡುತ್ತಿರುವಾಗಲೇ ಕೇಬಲನ್ನು ಮೌಸಿನ ಮೂತಿಯ ಹತ್ತಿರ, ಆಮೇಲೆ ಪ್ಲಗ್ಗಿನ ಬುಡದಲ್ಲಿ ಹಿಡಿದು ಮೆಲ್ಲಗೆ ಆಚೆ ಈಚೆ ಬಗ್ಗಿಸಿ. ‘ಯುಎಸ್‌ಬಿ ಡಿಸ್‌ಕನೆಕ್ಟ್’, ಮತ್ತೆ ‘ನ್ಯೂ’, ಮತ್ತೆ ‘ಡಿಸ್‌ಕನೆಕ್ಟ್’ ಎಂದು ಸಾಲುಗಳು ಓಡಿದರೆ ತುಂಡು ಅಲ್ಲೇ ಇದೆ. ಮೌಸಿನ ಕೇಬಲ್ ಹೆಚ್ಚಾಗಿ ಕಡಿಯುವುದು ಮೂತಿಯಿಂದ ಎರಡು ಮೂರು ಇಂಚಿನೊಳಗೆ. ಬೆಸುಗೆ ಹಾಕಲು ಬರುವವರು ಅಷ್ಟನ್ನು ಕತ್ತರಿಸಿ ಒಳಗಿನ ಬೋರ್ಡಿಗೆ ಮತ್ತೆ ಜೋಡಿಸಬಹುದು. ಸಾಮಾನ್ಯ ಮೌಸಿಗೆ ಅಷ್ಟು ಶ್ರಮ ಪಡುವುದಕ್ಕಿಂತ ಹೊಸದು ತರುವುದೇ ಲೇಸು.

ಕರ್ನಲ್ ಮೌಸನ್ನು ಸರಿಯಾಗಿ ಗುರುತಿಸಿಯೂ ಕರ್ಸರ್ ಕದಲದಿದ್ದರೆ ಮುಂದಿನ ಜಾಯಿಂಟಿಗೆ ಬನ್ನಿ. ಎಸ್‌ಯುಡಿಒ ಸಿಎಟಿ /ಡಿಇವಿ/ಇನ್‌ಪುಟ್/ಮೈಸ್ ಎಂಬ ಕಮಾಂಡ್ ಕೊಟ್ಟು ಮೌಸ್ ಆಡಿಸಿ. ಅರ್ಥವಿಲ್ಲದ ಚಿಹ್ನೆಗಳು ಸುರಿದರೆ ಮೌಸಿನ ಸಿಗ್ನಲ್ ಒಳಗೆ ತಲುಪಿದೆ. ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿ. ಇದಕ್ಕೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಮಳೆಗಾಲದಲ್ಲಿ ನೆಟ್ ಇಲ್ಲದಾಗ ಇದು ದೊಡ್ಡ ಅನುಕೂಲ. ನೆಟ್ ಇದ್ದರೆ ಇವಿಟೆಸ್ಟ್ ಎಂಬ ಪ್ಯಾಕೇಜ್ ಹಾಕಿಕೊಂಡು ಇನ್ನೂ ಸ್ಪಷ್ಟವಾಗಿ ನೋಡಬಹುದು.

ಬಟನ್ ಒತ್ತಿದಾಗ ಚಿಹ್ನೆ ಬರುತ್ತದೆ, ಮೌಸ್ ಎಳೆದಾಗ ಬರುವುದಿಲ್ಲ ಎನ್ನುವುದಾದರೆ ಬೇರೆ ಯೋಚಿಸದೆ ಮೌಸಿನ ಅಡಿ ತಿರುಗಿಸಿ: ಲೆನ್ಸಿನ ಗುಂಡಿಯಲ್ಲಿ ಕೂದಲು, ಧೂಳು, ಬೂಸ್ಟು. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಕೋಣೆಯಲ್ಲಿ ಲೆನ್ಸಿನ ಮೇಲೆ ತೆಳ್ಳನೆ ಬಿಳಿ ಪೊರೆ ಕೂರಲು ಹೊತ್ತು ಬೇಕಿಲ್ಲ. ಸಣ್ಣ ಇರುವೆಗಳು ಒಳಗೆ ಮನೆ ಮಾಡುವುದೂ ಇದೆ. ಇಯರ್ ಬಡ್ಡಿನ ತುದಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಒರೆಸಿ, ಯುಎಸ್‌ಬಿ ಪಿನ್ನುಗಳನ್ನೂ ಹಾಗೆಯೇ ಒರೆಸಿ. ಮೆಡಿಕಲ್ ಶಾಪಿನ ಸ್ಪಿರಿಟ್ಟೂ ನಡೆಯುತ್ತದೆ, ಅದರಲ್ಲಿ ನೀರಿನ ಅಂಶ ಇರುವುದರಿಂದ ಒಣಗಲು ಅರ್ಧ ಗಂಟೆ ಬಿಡಿ. ಪೋರ್ಟನ್ನು ಒರೆಸುವಾಗ ಕಂಪ್ಯೂಟರಿನ ಪವರ್ ಕಾರ್ಡ್ ಕಿತ್ತಿರಲಿ. ಸೀಮೆಎಣ್ಣೆ, ತೆಂಗಿನೆಣ್ಣೆ ಹತ್ತಿರವೂ ಸುಳಿಯದಿರಲಿ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವುದೂ ಬೇಡ. ಗಾಜಿನ ಮೇಜು, ಹೊಳೆಯುವ ಪಾಲಿಷ್ ಮೇಜಿನ ಮೇಲೂ ಆಪ್ಟಿಕಲ್ ಮೌಸ್ ತಡವರಿಸುತ್ತದೆ. ಅಡಿಗೊಂದು ಬಿಳಿ ಕಾಗದ ಇಟ್ಟು ನೋಡಿ.

ಚಿಹ್ನೆಗಳು ಸುರಿಯುತ್ತವೆ, ಕರ್ಸರ್ ಮಾತ್ರ ಕದಲದು ಎಂದರೆ ಆಗ ಡೆಸ್ಕ್‌ಟಾಪಿನ ತಪ್ಪು. ಮಿಂಟ್‌ನ ಸಿನಮನ್ ಎಂಬ ಡೆಸ್ಕ್‌ಟಾಪಿನಲ್ಲಿ ಕಂಟ್ರೋಲ್, ಆಲ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಡೆಸ್ಕ್‌ಟಾಪ್ ಮಾತ್ರ ಮತ್ತೆ ಶುರುವಾಗುತ್ತದೆ, ತೆರೆದ ಫೈಲುಗಳು ಹಾಗೇ ಉಳಿಯುತ್ತವೆ. ಅದೂ ಆಗದಿದ್ದರೆ ಎಕ್ಸ್‌ಇನ್‌ಪುಟ್ ಲಿಸ್ಟ್ ಎಂದು ಕೊಟ್ಟು ಪಟ್ಟಿಯಲ್ಲಿ ನಿಮ್ಮ ಮೌಸಿನ ಐಡಿ ಸಂಖ್ಯೆ ನೋಡಿ, ಎಕ್ಸ್‌ಇನ್‌ಪುಟ್ ಎನೇಬಲ್ ಎಂದು ಬರೆದು ಆ ಸಂಖ್ಯೆ ಸೇರಿಸಿ. ನಿಮ್ಮ ಲಕ್ಷಣ ನೋಡಿದರೆ ಇಲ್ಲಿಯವರೆಗೆ ಬರಬೇಕಾಗಲಿಕ್ಕಿಲ್ಲ.

ಕೆಲವು ಸೆಕೆಂಡ್ ಬಿಟ್ಟರೆ ಮೌಸ್ ನಿದ್ದೆ ಹೋಗಿ, ಕ್ಲಿಕ್ ಮಾಡಿದರೆ ಏಳುತ್ತದೆ ಎನ್ನುವವರಿಗೆ ಒಂದು ಮಾತು: ಕರೆಂಟ್ ಉಳಿಸಲೆಂದು ಪವರ್‌ಟಾಪ್ ಎಂಬ ಪ್ರೋಗ್ರಾಂ ಹಾಕಿ ಅದರ ಆಟೋ-ಟ್ಯೂನ್ ಓಡಿಸಿದ್ದರೆ ಅದನ್ನು ನಿಲ್ಲಿಸಿ. ಅದು ಮೌಸಿನ ಪೋರ್ಟನ್ನೂ ಮಲಗಿಸುತ್ತದೆ.

ವೈರ್‌ಲೆಸ್ ಮೌಸಿಗೆ ಬರೋಣ. ಮೊದಲು ಬ್ಯಾಟರಿ, ಅದಕ್ಕೂ ಮೊದಲು ಬ್ಯಾಟರಿ ಕೂರುವ ಸ್ಪ್ರಿಂಗ್. ಹಸಿರು ಅಥವಾ ಬಿಳಿ ಕಿಲುಬು ಇದ್ದರೆ ಹೊಸ ಬ್ಯಾಟರಿ ಹಾಕಿಯೂ ಪ್ರಯೋಜನವಿಲ್ಲ, ಕೆರೆದು ಒರೆಸಿ. ಎರಡನೆಯದು ರಿಸೀವರ್ ಕೂತಿರುವ ಜಾಗ. ಈ ಮೌಸುಗಳು 2.4 ಗಿಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ಯುಎಸ್‌ಬಿ 3 ಪೋರ್ಟು, ಅದಕ್ಕೆ ಹಾಕಿದ ಹಾರ್ಡ್‌ಡಿಸ್ಕು, ಕೇಬಲ್ ಎಲ್ಲವೂ ಅದೇ ತರಂಗಪಟ್ಟಿಯಲ್ಲಿ ರೇಡಿಯೋ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ ಕಂಪನಿಯೇ 2012ರಲ್ಲಿ ಬರೆದು ಪ್ರಕಟಿಸಿದೆ. ನೀಲಿ (ಯುಎಸ್‌ಬಿ 3) ಪೋರ್ಟಿನಿಂದ ತೆಗೆದು ಕಪ್ಪು (ಯುಎಸ್‌ಬಿ 2) ಪೋರ್ಟಿಗೆ ಹಾಕಿ. ತಗಡಿನ ಕ್ಯಾಬಿನೆಟ್ಟಿನ ಹಿಂದೆ, ಮೇಜಿನ ಕೆಳಗೆ ಅವಿತಿದ್ದರೆ ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು ರಿಸೀವರನ್ನು ಮೇಜಿನ ಮೇಲೆ, ಮೌಸಿನ ಎದುರಿಗೆ ಇಡಿ. ಒಮ್ಮೆ ಓಡಿ ಒಮ್ಮೆ ನಿಲ್ಲುವ ಕಾಯಿಲೆಗೆ ಇದಕ್ಕಿಂತ ಅಗ್ಗದ ಔಷಧಿ ಇಲ್ಲ. ಒಂದು ಮೌಸಿನ ರಿಸೀವರಿಗೆ ಇನ್ನೊಂದು ಮೌಸ್ ಸಾಮಾನ್ಯವಾಗಿ ಹೊಂದುವುದಿಲ್ಲ, ಬದಲಾಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಲಾಜಿಟೆಕ್‌ನ ಯೂನಿಫೈಯಿಂಗ್ ರಿಸೀವರ್ ಆದರೆ ಸೋಲಾರ್ (ಎಸ್‌ಒಎಲ್‌ಎಎಆರ್) ಎಂಬ ಪ್ಯಾಕೇಜ್ ಹಾಕಿ ಲಿನಕ್ಸಿನಿಂದಲೇ ಮತ್ತೆ ಜೋಡಿಸಬಹುದು.

ಕರೆಂಟ್ ಹೋದಾಗ ಮಿಂಟ್ ಅಪ್‌ಡೇಟ್ ಆಗುತ್ತಿತ್ತೇ ಎಂದು ನೀವು ಹೇಳಿಲ್ಲ. ಆಗುತ್ತಿದ್ದರೆ ಅದು ಅರ್ಧಕ್ಕೆ ನಿಂತಿರಬಹುದು. ಎಸ್‌ಯುಡಿಒ ಡಿಪಿಕೆಜಿ ಎಂದು ಬರೆದು, ಜಾಗ ಬಿಟ್ಟು, ಎರಡು ಅಡ್ಡಗೆರೆ ಸೇರಿಸಿ ಕಾನ್ಫಿಗರ್, ಮತ್ತೆ ಜಾಗ ಬಿಟ್ಟು ಒಂದು ಅಡ್ಡಗೆರೆ ಮತ್ತು ಎ. ಬಾಕಿ ಉಳಿದ ಕೆಲಸ ಮುಗಿಯುತ್ತದೆ. ಹೊಸ ಕರ್ನಲ್ ಬಂದ ಮೇಲೆಯೇ ತೊಂದರೆ ಶುರುವಾಗಿದ್ದರೆ, ಆನ್ ಮಾಡಿದ ಕೂಡಲೇ ಶಿಫ್ಟ್ ಹಿಡಿದು (ಬಯಾಸ್ ಬದಲು ಯುಇಎಫ್‌ಐ ಇರುವ ಹೊಸ ಬಗೆಯ ಬೋರ್ಡಾದರೆ ಎಸ್ಕೇಪ್ ಒತ್ತಿ) ಗ್ರಬ್ ಮೆನು (ಯಾವುದನ್ನು ಬೂಟ್ ಮಾಡಬೇಕೆಂದು ಕೇಳುವ ಪಟ್ಟಿ) ತರಿಸಿ, ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗಿನ ಹಿಂದಿನ ಕರ್ನಲ್ ಆರಿಸಿ ನೋಡಿ.

ಸಾಫ್ಟ್‌ವೇರೋ ಹಾರ್ಡ್‌ವೇರೋ ಎಂಬ ಅನುಮಾನ ಆಗಲೂ ಉಳಿದರೆ ಮಿಂಟ್‌ನ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಮಿಂಟ್ ಇಡಿಯಾಗಿ ಇರುವ ಫೈಲ್) ಬರೆದ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಬೂಟ್ ಮಾಡಿ. ಇನ್‌ಸ್ಟಾಲ್ ಒತ್ತಬೇಡಿ, ಸುಮ್ಮನೆ ಡೆಸ್ಕ್‌ಟಾಪ್ ಬರಲಿ. ಅಲ್ಲೂ ಮೌಸ್ ಓಡದಿದ್ದರೆ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿದರೂ ಬಹುಮಟ್ಟಿಗೆ ಓಡುವುದಿಲ್ಲ. ಅಂಗಡಿಯವರಿಗೆ ಇದನ್ನೇ ತೋರಿಸಿ.

ಪೋರ್ಟುಗಳೇ ಸುಟ್ಟಿವೆ ಎಂದು ಖಚಿತವಾದರೆ ಮದರ್‌ಬೋರ್ಡ್ ಬದಲಿಸುವ ಅಗತ್ಯವಿಲ್ಲ. ಒಳಗೆ ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್1 ಸ್ಲಾಟ್ ಖಾಲಿಯಿದ್ದರೆ ಯುಎಸ್‌ಬಿ ಕಾರ್ಡ್ ಒಂದನ್ನು ಕೂರಿಸಿ; ಅದರ ಡ್ರೈವರ್ ಕರ್ನಲ್ಲಿನಲ್ಲೇ ಇರುತ್ತದೆ, ಸಿಡಿ ಗಿಡಿ ಬೇಡ. ಕಾರ್ಡ್ ಮೇಲೆ ಪವರ್ ಕನೆಕ್ಟರ್ ಇದ್ದರೆ ಸಪ್ಲೈಯಿಂದ ಒಂದು ವೈರ್ ಅದಕ್ಕೂ ಕೊಡಿ, ಇಲ್ಲವಾದರೆ ಕೆಲವು ಕಾರ್ಡುಗಳು ಪಟ್ಟಿಯಲ್ಲಿ ಕಂಡರೂ ಪೋರ್ಟಿಗೆ ಕರೆಂಟ್ ಬಿಡುವುದಿಲ್ಲ. ಪೋರ್ಟ್ ಸುಟ್ಟದ್ದು ಸಿಡಿಲಿನಿಂದಾದರೆ ಬ್ರಾಡ್‌ಬ್ಯಾಂಡಿನ ಲ್ಯಾನ್ ಕೇಬಲ್ ದಾರಿಯಿಂದಲೂ ಬಂದಿರಬಹುದು. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಆಫೀಸ್ ಮುಚ್ಚುವಾಗ ಪವರ್ ಪ್ಲಗ್ಗಿನ ಜೊತೆಗೆ ಅದನ್ನೂ ಕಿತ್ತಿಡಲು ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿಡಿ.